ಎಡಗಾಲಿಗೆ ಕೆಲಸವಿಲ್ಲದ ಟ್ರ್ಯಾಕ್ಟರ್

ಆಯುಧಪೂಜೆಯ ಹಿಂದಿನ ದಿನ ಮೇಷ್ಟ್ರೂ ನಾನೂ ಮಾರ್ಕೆಟ್ಟಿಗೆ ಹೋಗಿದ್ದೆವು. ಚಾಮರಾಜಪೇಟೆಯ ನಮ್ಮ ಶಾಲೆಯಿಂದ ಅದು ನಡೆದು ಹೋಗುವಷ್ಟು ಹತ್ತಿರ. ಅವರು ಶಾಲೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾದ ಮೇಲೂ ಮೈದಾನದ ಉಸ್ತುವಾರಿ ಅವರ ಕೈಯಲ್ಲೇ ಇತ್ತು. ನಾನು ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಪೂಜೆಗೆ ಹೂವು, ನಿಂಬೆಹಣ್ಣು, ಬೂದುಗುಂಬಳಕಾಯಿ ತರುವುದು ಪ್ರತಿವರ್ಷ ನಮ್ಮಿಬ್ಬರ ಪಾಲಿನ ಕೆಲಸ. ಆ ವರ್ಷ ಹೂವು ಸ್ವಲ್ಪ ಜಾಸ್ತಿಯೇ ಬೇಕಿತ್ತು. ಮೈದಾನಕ್ಕೆ ಹೊಸ ಮಿನಿ ಟ್ರ್ಯಾಕ್ಟರ್ ಬಂದಿತ್ತು. ಅದಕ್ಕೆ ಅದು ಮೊದಲ ಆಯುಧಪೂಜೆ.

ಹಬ್ಬದ ಮಾರ್ಕೆಟ್ಟಿನಲ್ಲಿ ನಡೆಯುವುದಕ್ಕೆ ಜಾಗವಿರುವುದಿಲ್ಲ, ಹಿಂದಿನವರು ತಳ್ಳಿದತ್ತ ಹೋಗಬೇಕು. ಮೇಷ್ಟ್ರ ಎಡಗಾಲು ಬಲಗಾಲಿಗಿಂತ ಗಿಡ್ಡ. ಬಹಳ ಹಿಂದೆ ಸ್ಕೂಟರಿನಿಂದ ಬಿದ್ದು ಮುರಿದಿದ್ದ ಮೂಳೆ ಕೂಡಿಕೊಳ್ಳುವಾಗ ಹಾಗಾಗಿತ್ತು. ಎಡಗಾಲಿನ ಬೂಟಿಗೆ ಎರಡು ಬೆರಳು ದಪ್ಪದ ಇನ್ನೊಂದು ಅಟ್ಟೆ ಹೊಲಿಸಿಕೊಂಡಿದ್ದರು. ಅದನ್ನು ಹಾಕಿಕೊಂಡರೆ ನೋಡಿದವರಿಗೆ ಕುಂಟು ಗೊತ್ತಾಗುತ್ತಿರಲಿಲ್ಲ. ಆ ಗದ್ದಲದಲ್ಲೂ ಕುಂಬಳಕಾಯಿಯ ಚೀಲ ಅವರ ಹೆಗಲ ಮೇಲೆ, ಬರೀ ನಿಂಬೆಹಣ್ಣಿನ ಚೀಲ ನನ್ನ ಕೈಯಲ್ಲಿ.

ಸೇವಂತಿಗೆ ಮಾರುತ್ತಿದ್ದಾಕೆ ಬೆರಳ ತುದಿಯಿಂದ ಮೊಣಕೈವರೆಗೆ ಹೂವಿನ ಮಾಲೆ ಅಳೆಯುತ್ತಿದ್ದಳು. ಹಾರ ಹೊಸ ಟ್ರ್ಯಾಕ್ಟರಿಗೆ ಎಂದು ಆಗಲೇ ಹೇಳಿದ್ದ ಮೇಷ್ಟ್ರು ಬಗ್ಗಿ ನೋಡಿದರು.

"ಏನಮ್ಮಾ, ಹಬ್ಬ ಬಂದ್ರೆ ನಿನ್ ಕೈ ಕುಗ್ಗೋಗತ್ತಾ? ಹೋದ್ ವಾರ ಮೊಳ ಇನ್ನೂ ಉದ್ದ ಇತ್ತು."

"ಕೈ ಅದೇ ಸಾರ್. ನಿಮ್ ಟ್ರ್ಯಾಕ್ಟ್ರು ಹೊಟ್ಟೆನೇ ದಪ್ಪ."

"ಅದಿನ್ನೂ ಮಗು ಕಣಮ್ಮಾ. ಮಿನಿ ಟ್ರ್ಯಾಕ್ಟ್ರು."

"ಮಗೂಗೆ ಇನ್ನೊಂದ್ ಮೊಳ ನನ್ ಲೆಕ್ಕದಲ್ಲಿ ಹಾಕಿ, ಹೋಗಿ," ಎಂದು ಆಕೆ ನಗುತ್ತ ಕೊಟ್ಟಳು.

ವಾಪಸು ಬಂದು ಸಂಜೆಯವರೆಗೆ ಅವರು ಟ್ರ್ಯಾಕ್ಟರಿಗೆ ನೀರು ಹಾಕಿ ತೊಳೆದರು. ಚಕ್ರದ ಸಂದಿಯಲ್ಲಿ ಅಂಟಿದ್ದ ಹುಲ್ಲನ್ನು ಕಡ್ಡಿಯಿಂದ ಕೆದಕಿ ತೆಗೆದರು. ನಾನು ಬಾಗಿಲು ಹಾಕಿಕೊಂಡು ಹೊರಡುವಾಗ, "ನಾಳೆ ಬೇಗ ಬಾರಮ್ಮಾ, ಕುಂಕುಮ ಕಲಸೋದು ನಿಂದೇ," ಅಂದರು. ನಾನು ಹೂಂ ಅಂದೆ. ಅದು ಕೊನೆಯ ಮಾಮೂಲಿ ದಿನ.

ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ತನಗೆ ಅಂತ ಏನನ್ನೂ ಕೇಳಿದವರಲ್ಲ. ಮಾತು ನಿಜ. ನಾನೂ ಅದನ್ನು ಬಹಳ ಕಾಲ ದೊಡ್ಡ ಗುಣ ಎಂದೇ ತಿಳಿದಿದ್ದೆ. ಈಗ ಆ ಮಾತು ಕೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ.

ಸ್ಪೋರ್ಟ್ಸ್ ಡೇ ದಿನ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದರು. ಪೆಂಡಾಲಿನ ಕೆಳಗೆ ಕುರ್ಚಿಗಳು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಯಾರಾದರೂ ಕುರ್ಚಿ ತಂದು ಪಕ್ಕದಲ್ಲಿಟ್ಟರೆ ಅದರ ಮೇಲೆ ಸೀಟಿ, ಟವಲು, ನೀರಿನ ಬಾಟಲಿ ಇಡುತ್ತಿದ್ದರು. ಒಮ್ಮೆ ಸಿಟಿ ಬಸ್ಸಿನಲ್ಲಿ ಮಕ್ಕಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವಾಗ ಕಂಡಕ್ಟರ್ ಅವರ ಬೂಟು ನೋಡಿ, ಅಂಗವಿಕಲರ ಸೀಟಿನಲ್ಲಿದ್ದ ಹುಡುಗನನ್ನು ಎಬ್ಬಿಸಿದ. ಮೇಷ್ಟ್ರು ಆ ಹುಡುಗನ ಭುಜ ಒತ್ತಿ ಮತ್ತೆ ಕೂರಿಸಿದರು. "ಆ ಸೀಟು ಕಾಲಿಲ್ಲದೋರಿಗೆ ಕಣಯ್ಯಾ. ನಂಗೆ ಎರಡಿದೆ. ಒಂದು ಸ್ವಲ್ಪ ಕಂಜೂಸು, ಅಷ್ಟೇ," ಅಂದರಂತೆ. ಮಕ್ಕಳು ಇದನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕರು. ಅವರೂ ನಕ್ಕರು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕ ಮಾತ್ರ ನಗುತ್ತಿರಲಿಲ್ಲ. "ಬಸ್ಸಲ್ಲಿ ನಿಂತ್ಕೊಂಡ್ ಬರ್ತಾರೆ, ಮನೆಗ್ ಬಂದು ಕಾಲ್ ನೀಡ್ತಾರೆ. ಎಣ್ಣೆ ಹಚ್ಚೋಳು ನಾನು. ಊರಿಗೆಲ್ಲ ಗಟ್ಟಿ ಕಾಲು, ನಂಗ್ ಮಾತ್ರ ನೋಯೋ ಕಾಲು," ಅನ್ನುತ್ತಿದ್ದರು. ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ಮನೆ ಇರೋದೇ ಅದಕ್ಕಲ್ವೇನೇ," ಅನ್ನುವರು.

ಮೈದಾನ ಎಂದರೆ ಅವರಿಗೆ ಪ್ರಾಣ. ಸುತ್ತ ಹೊಂಗೆಮರಗಳು, ಒಂದು ಕಡೆ ಕಲ್ಲಿನ ಮೆಟ್ಟಿಲ ಗ್ಯಾಲರಿ, ನಡುವೆ ಕ್ರಿಕೆಟ್ ಪಿಚ್ಚು. ಹುಲ್ಲು ಕತ್ತರಿಸಲು, ರೋಲರ್ ಎಳೆಯಲು, ನೀರಿನ ಟ್ಯಾಂಕರ್ ಎಳೆಯಲು ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಡ್ರೈವರ್ ಬಿಟ್ಟು ಹೋದ ಮೇಲೆ ಅದನ್ನು ಮೇಷ್ಟ್ರೇ ಓಡಿಸುತ್ತಿದ್ದರು. ಅದರ ಕ್ಲಚ್ಚು ಸವೆದೂ ಸವೆದೂ ಮೆತ್ತಗಾಗಿತ್ತು, ಸುಮ್ಮನೆ ಕಾಲಿಟ್ಟರೆ ಸಾಕು ಒಳಗೆ ಹೋಗುತ್ತಿತ್ತು. ಬರಿಗಾಲಲ್ಲೂ ಓಡಿಸುತ್ತಿದ್ದರು. ಕೊನೆಗೆ ಅದರ ಎಂಜಿನ್ ಕೈಕೊಟ್ಟಿತು. ಹೊಸದನ್ನು ತರಬೇಕೆಂದು ಶಾಲೆಯ ಕಮಿಟಿಯವರು ತೀರ್ಮಾನಿಸಿ, ಯಾವುದು ತರಬೇಕೆಂದು ನೋಡಿ ಹೇಳುವ ಕೆಲಸವನ್ನು ಮೇಷ್ಟ್ರಿಗೇ ವಹಿಸಿದರು.

ಅಂಗಡಿಯವರು ಎರಡು ಟ್ರ್ಯಾಕ್ಟರುಗಳನ್ನು ಲಾರಿಯಲ್ಲಿ ತಂದು ಮೈದಾನದಲ್ಲಿ ಇಳಿಸಿದರು. ಗಾತ್ರ ಒಂದೇ, ನೋಡುವುದಕ್ಕೂ ಒಂದೇ ಥರ. ಒಂದು ಗೇರಿನದು, ಇನ್ನೊಂದು ಹೈಡ್ರೋಸ್ಟಾಟಿಕ್. ಆ ಹೆಸರನ್ನು ನಾನು ಕೇಳಿದ್ದೇ ಅವತ್ತು. ಅಂಗಡಿಯ ಮನುಷ್ಯ ವಿವರಿಸಿದ. ಗೇರಿನದರಲ್ಲಿ ಎಡಗಾಲಲ್ಲಿ ಕ್ಲಚ್ ತುಳಿದು, ಗೇರ್ ಹಾಕಿ, ಮೆಲ್ಲಗೆ ಕಾಲು ಬಿಡಬೇಕು. ಹಿಂದೆ ಬರಬೇಕಾದರೆ ಮತ್ತೆ ತುಳಿಯಬೇಕು. ಇನ್ನೊಂದರಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಒತ್ತಡದ ಮೂಲಕ ಚಕ್ರಕ್ಕೆ ಹೋಗುತ್ತದೆ. ಓಡಿಸುವಾಗ ಕ್ಲಚ್ಚಿನ ತಂಟೆ ಇಲ್ಲ. ಬಲಗಾಲಿಗೆ ಎರಡು ಪೆಡಲ್, ಒಂದು ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ. ಎಷ್ಟು ಒತ್ತಿದರೆ ಅಷ್ಟು ವೇಗ.

"ಎಡಗಾಲಿಗೆ ಇದ್ರಲ್ಲಿ ಕೆಲ್ಸಾನೇ ಇಲ್ಲ ಸಾರ್," ಅಂದ ಅವನು. ಮೇಷ್ಟ್ರ ಕಾಲಿನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಮೊದಲು ಗೇರಿನದನ್ನು ಹತ್ತಿದರು. ಹೊಸ ಕ್ಲಚ್ಚು, ಬಿಗಿಯಾಗಿತ್ತು. ಕೆಳಗಿನವರೆಗೆ ತುಳಿಯಲು ಸೀಟನ್ನು ಮುಂದೆ ಎಳೆದುಕೊಂಡರು. ಹೊಟ್ಟೆ ಸ್ಟೇರಿಂಗಿಗೆ ತಾಗಿತು. ಮೈದಾನವನ್ನು ಒಂದು ಸುತ್ತು ಹಾಕಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಇಳಿದರು. ಆಮೇಲೆ ಇನ್ನೊಂದನ್ನು ಹತ್ತಿದರು. ಆಫೀಸಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ಒಂದು ಸುತ್ತು ಮುಗಿಯಿತು, ಅವರು ಇಳಿಯಲಿಲ್ಲ. ಹೊಂಗೆಮರದ ಬುಡ ಸುತ್ತಿದರು, ಹಿಂದಕ್ಕೆ ಬಂದರು, ಮುಂದಕ್ಕೆ ಹೋದರು, ಇನ್ನೊಂದು ಮರ ಸುತ್ತಿದರು. ಎಡಗಾಲನ್ನು ಆರಾಮಾಗಿ ನೀಡಿಕೊಂಡಿದ್ದರು. ಹೊರಗೆ, ಜನರ ಮುಂದೆ, ಅವರು ಆ ಕಾಲಿಗೆ ವಿಶ್ರಾಂತಿ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಳಿದಾಗ ಅವರ ಮುಖದಲ್ಲಿ ತಟ್ಟೆಗೆ ಬಿಸಿ ಹೋಳಿಗೆ ಬಿದ್ದಾಗಿನ ಕಳೆಯಿತ್ತು.

ಅವತ್ತೇ ಸಂಜೆ ಕಮಿಟಿ ಸೇರಿತು. ಆಫೀಸಿಗೂ ಕಮಿಟಿ ರೂಮಿಗೂ ನಡುವೆ ಇರುವುದು ಹಲಗೆಯ ಅರ್ಧ ಗೋಡೆ. ಮಾತೆಲ್ಲ ನನಗೆ ಕೇಳುತ್ತದೆ. ಮೇಷ್ಟ್ರು ಚೆನ್ನಾಗಿಯೇ ಶುರು ಮಾಡಿದರು.

"ಉಳೋದಕ್ಕಾದ್ರೆ ಗೇರಿಂದೇ ಸರಿ ಸಾರ್. ಎಳೆಯೋ ಶಕ್ತಿ ಪೂರ್ತಿ ಚಕ್ರಕ್ಕೆ ಸಿಗತ್ತೆ, ಡೀಸೆಲ್ ಕಮ್ಮಿ, ಕೆಟ್ರೆ ಯಾವ್ ಮೆಕ್ಯಾನಿಕ್ಕಾದ್ರೂ ಬಿಚ್ತಾನೆ. ಇನ್ನೊಂದು ದುಬಾರಿ. ಎಣ್ಣೆ, ಫಿಲ್ಟರು ಅಂತ ಖರ್ಚಿದೆ, ಗೊತ್ತಿರೋರ್ ಕೈಲೇ ರಿಪೇರಿ ಆಗ್ಬೇಕು. ಆದ್ರೆ ನಮ್ದು ಹೊಲ ಅಲ್ಲ. ಮರ ಸುತ್ಬೇಕು, ರೋಲರ್ ಹಿಂದೆ ಮುಂದೆ ಮಾಡ್ಬೇಕು, ಮಕ್ಕಳು ಓಡಾಡ್ತಿರ್ತಾರೆ. ಗೇರಿನ ಗಾಡೀಲಿ ಕ್ಲಚ್ ಮೇಲಿಂದ ಕಾಲು ಜಾರಿದ್ರೆ ಗಾಡಿ ಹೊರಡತ್ತೆ. ಇನ್ನೊಂದ್ರಲ್ಲಿ ಪೆಡಲ್ ಮೇಲಿಂದ ಕಾಲು ತೆಗೆದ್ರೆ ಗಾಡಿ ನಿಂತ್ಕೊಳ್ಳತ್ತೆ."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಅಷ್ಟರಲ್ಲಿ ಖಜಾಂಚಿ ನಕ್ಕರು. ಅವರದು ಕೆಟ್ಟ ನಗುವೇನಲ್ಲ, ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಕೂತವರನ್ನು ಮಾತಾಡಿಸುವಂಥ ನಗು.

"ಏನ್ ಮೇಷ್ಟ್ರೇ, ಟ್ರ್ಯಾಕ್ಟ್ರು ತರ್ತಿರೋದು ಗ್ರೌಂಡಿಗೋ, ನಿಮ್ ಕಾಲಿಗೋ?"

ಉಳಿದವರೂ ನಕ್ಕರು. ಯಾರೋ "ಹೇಳಿ ಮಾಡಿಸ್ದಂಗಿದೆ ಬಿಡಿ" ಅಂದರು. ಕಾಫಿ ಲೋಟಗಳ ಸದ್ದು ಕೇಳಿತು.

"ಗೇರಿಂದೇ ತರೋಣ ಸಾರ್," ಅಂದರು ಮೇಷ್ಟ್ರು ಆಮೇಲೆ. "ಗೇರಿಂದೇ ಸಾಕು."

"ನೋಡಿ, ಓಡ್ಸೋರೇ ಹೇಳ್ತಿದಾರೆ," ಅಂದರು ಖಜಾಂಚಿ. ವಿಷಯ ಅಲ್ಲಿಗೆ ಮುಗಿಯಿತು.

ಎಲ್ಲರೂ ಹೋದ ಮೇಲೆ ನಾನು ಅವರನ್ನು ಆಫೀಸಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. "ಯಾಕ್ ಸಾರ್ ಹಾಗಂದ್ರಿ? ಬೆಳಿಗ್ಗೆ ಆ ಇನ್ನೊಂದ್ರ ಮೇಲಿಂದ ಇಳಿಯೋಕೇ ಮನಸ್ಸಿರ್ಲಿಲ್ಲ ನಿಮ್ಗೆ."

"ನೋಡ್ತಿದ್ಯಾ ನೀನು?"

"ನೋಡ್ದೆ. ಯಾಕ್ ಹಾಗಂದ್ರಿ?"

"ನನ್ ಕಾಲು ನನ್ ಮನೆ ವಿಷ್ಯ ಕಣಮ್ಮಾ. ಅದನ್ನ ಕಮಿಟಿ ಮುಂದೆ ಇಡ್ಬಾರ್ದು."

"ದಿನಾ ಟ್ರ್ಯಾಕ್ಟ್ರು ಹತ್ತೋದು ಅದೇ ಕಾಲಲ್ವಾ ಸಾರ್? ಕೆಲ್ಸ ಶಾಲೇದು, ಕಾಲು ಮಾತ್ರ ಮನೇದಾ?"

ಅವರು, "ನೀನು ವಕೀಲಿ ಓದ್ಬೇಕಿತ್ತು," ಎಂದು ನಕ್ಕು ಹೊರಟುಬಿಟ್ಟರು. ಹೀಗೆ ನಕ್ಕು ತಪ್ಪಿಸಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಎದುರಿನವರಿಗೆ ಮಾತು ಮುಂದುವರಿಸುವುದಕ್ಕೆ ಹಿಡಿ ಸಿಗುತ್ತಿರಲಿಲ್ಲ.

ಗೇರಿನ ಟ್ರ್ಯಾಕ್ಟರ್ ಬಂತು. ದಪ್ಪ ಅಟ್ಟೆಯ ಬೂಟು ಹಾಕಿಕೊಂಡು, ಸೀಟು ಮುಂದೆಳೆದುಕೊಂಡು ಅವರು ಅದನ್ನು ಓಡಿಸಿದರು. ಮರದ ಬುಡದಲ್ಲಿ ಹುಲ್ಲು ಕತ್ತರಿಸುವಾಗ ಮುಂದೆ, ಹಿಂದೆ, ಮುಂದೆ, ಹಿಂದೆ, ಪ್ರತಿಸಲವೂ ಕ್ಲಚ್ಚು. ತುಳಿಯುವಾಗ ಎಡಗೈಯಿಂದ ಮಂಡಿಯನ್ನು ಅದುಮಿಕೊಳ್ಳುವುದನ್ನು ಕಲಿತರು. ಯಾರಾದರೂ ನೋಡುತ್ತಿದ್ದರೆ ಆ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡವರಂತೆ ಇರುತ್ತಿದ್ದರು. ಕೆಲಸವೇನೂ ನಿಲ್ಲಲಿಲ್ಲ. ಪಿಚ್ಚು ಮೊದಲಿನಂತೆಯೇ ಇತ್ತು, ಹುಲ್ಲು ಮೊದಲಿನಂತೆಯೇ ಇತ್ತು. ಆದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. ಒಂದು ಸಂಜೆ ಅಕ್ಕ ನನ್ನನ್ನು ಮನೆಗೆ ಕರೆದು, "ನೀನಾದ್ರೂ ಹೇಳೇ. ಮೆಟ್ಲು ಹತ್ತೋಕಾಗ್ತಿಲ್ಲ ಇವ್ರಿಗೆ. ಮಂಡಿ ಬೋಂಡಾ ಥರ ಊದ್ಕೊಂಡಿದೆ," ಅಂದರು. ಮೇಷ್ಟ್ರು ಒಳಗಿನಿಂದಲೇ, "ಯಾವ ಬೋಂಡಾ? ವಿಶ್ವೇಶ್ವರಪುರದ ತಿಂಡಿ ಬೀದೀದಾ?" ಅಂದರು. ಅಕ್ಕ ಅಳುತ್ತ ನಕ್ಕರು. ನನಗೆ ಮಾತ್ರ ಅವತ್ತು ಸಿಟ್ಟು ಬಂತು. ಈಗಲೂ ಇದೆ.

ಪೂಜೆಯ ದಿನ ರಜೆಯಾದ್ದರಿಂದ ಮಕ್ಕಳಿರಲಿಲ್ಲ. ನಾವು ಸಿಬ್ಬಂದಿಯವರು, ಕಮಿಟಿಯವರು ಅಷ್ಟೇ. ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ವಿಭೂತಿ ಬಳಿದು ನಾನೇ ಕುಂಕುಮ ಇಟ್ಟೆ. ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆದರು. ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಇನ್ನು ಟ್ರ್ಯಾಕ್ಟರನ್ನು ಸ್ವಲ್ಪ ಮುಂದೆ ತಂದು ಹಣ್ಣು ಹಿಚುಕಿ ನಿಲ್ಲಿಸಬೇಕು, ಅದು ಕೊನೆಯ ಶಾಸ್ತ್ರ.

ಪೂಜೆಯಾದ ಗಾಡಿಯನ್ನು ಚಪ್ಪಲಿ ಬೂಟು ಹಾಕಿಕೊಂಡು ಯಾರೂ ಹತ್ತುವುದಿಲ್ಲ. ಮೇಷ್ಟ್ರೂ ಹತ್ತಲಿಲ್ಲ. ಬೂಟುಗಳನ್ನು ಗ್ಯಾಲರಿಯ ಹತ್ತಿರ ಬಿಟ್ಟು, ಕುಂಬಳಕಾಯಿಯ ತಿರುಳು, ಅರಿಶಿನದ ನೀರು ತುಳಿದುಕೊಂಡು ಬಂದು ಹತ್ತಿದರು. ಹಳೆಯ ಟ್ರ್ಯಾಕ್ಟರನ್ನು ಪ್ರತಿವರ್ಷ ಹಾಗೆಯೇ ಬರಿಗಾಲಲ್ಲಿ ಹತ್ತುತ್ತಿದ್ದವರು. ಇದು ಹಳೆಯದಲ್ಲ, ಇದರ ಕ್ಲಚ್ಚಿಗೆ ಆ ಎರಡು ಬೆರಳು ಅಟ್ಟೆ ಬೇಕೇ ಬೇಕು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಎಲ್ಲರೂ ಕೈಮುಗಿದು ನಿಂತಿರುವಾಗ, "ತಡೀರಿ, ನಾನು ಬೂಟು ಹಾಕ್ಕೋಬೇಕು, ಇಲ್ದಿದ್ರೆ ಆಗಲ್ಲ," ಎಂದು ಹೇಳುವ ಮನುಷ್ಯ ಅವರಲ್ಲ.

ಹೇಗೋ ತುಳಿದು ಗೇರ್ ಹಾಕಿದರು. ಮೆಲ್ಲಗೆ ಬಿಟ್ಟರು. ನಿಂಬೆಹಣ್ಣುಗಳು ಒಡೆದವು, ಎಲ್ಲರೂ ಚಪ್ಪಾಳೆ ತಟ್ಟಿದರು. ನಿಲ್ಲಿಸಲು ಮತ್ತೆ ತುಳಿದಾಗ ಒದ್ದೆ ಕಾಲು ಪೆಡಲಿನ ಮೇಲಿಂದ ಜಾರಿತು. ಟ್ರ್ಯಾಕ್ಟರ್ ನುಗ್ಗಿತು. ನೇರ ಎದುರಿಗೆ ಆರತಿ ತಟ್ಟೆ ಹಿಡಿದುಕೊಂಡು ನಾನೂ ಇನ್ನಿಬ್ಬರು ಟೀಚರುಗಳೂ ನಿಂತಿದ್ದೆವು. ಅವರು ಸ್ಟೇರಿಂಗ್ ಪೂರ್ತಿ ತಿರುಗಿಸಿದರು. ಟ್ರ್ಯಾಕ್ಟರ್ ಗ್ಯಾಲರಿಯ ಕಲ್ಲಿನ ಮೆಟ್ಟಿಲು ಹತ್ತಿ ವಾಲಿತು. ಅವರು ಕಲ್ಲಿನ ಮೇಲೆ ಬಿದ್ದರು. ಎಂಜಿನ್ ಆಮೇಲೆ ತಾನೇ ನಿಂತಿತು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮನೆಗೆ ಬಂದರು, ಮತ್ತೆ ಆಸ್ಪತ್ರೆಗೆ ಹೋದರು. ಮಲಗಿದಲ್ಲೇ ಇದ್ದು ಎದೆಯಲ್ಲಿ ಕಫ ಕಟ್ಟಿತು. ಕಮಿಟಿಯವರು ಹಣ್ಣು ತೆಗೆದುಕೊಂಡು ನೋಡಲು ಬಂದರು. ಖಜಾಂಚಿ, "ವಯಸ್ಸಾಯ್ತು ಮೇಷ್ಟ್ರೇ, ಇನ್ಮೇಲೆ ಇದೆಲ್ಲ ಬಿಟ್ಬಿಡಿ," ಅಂದರು. ಮೇಷ್ಟ್ರು, "ಗಾಡಿಗೇನೂ ಆಗಿಲ್ಲ ತಾನೆ ಸಾರ್?" ಎಂದು ಕೇಳಿದರು. ಅಕ್ಕ ಎದ್ದು ಹೊರಗೆ ಹೋದರು.

ಅವರೆಲ್ಲ ಹೋದ ಮೇಲೆ ನಾನು ಕಿತ್ತಳೆ ಬಿಡಿಸುತ್ತ ಕೂತಿದ್ದೆ. ಮೇಷ್ಟ್ರು ಮೇಲೆ ಫ್ಯಾನನ್ನೇ ನೋಡುತ್ತಿದ್ದರು.

"ಆ ಇನ್ನೊಂದು ಗಾಡಿ," ಅಂದರು.

"ಯಾವ್ದು ಸಾರ್?"

"ಎಡಗಾಲಿಗೆ ಕೆಲ್ಸ ಇಲ್ದಿದ್ದು. ನಂಗೆ ಅದೇ ಬೇಕಿತ್ತು ಕಣಮ್ಮಾ."

ನನಗೆ ಗೊತ್ತಿದ್ದಂತೆ ಬೇಕು ಎಂಬ ಮಾತನ್ನು ಅವರು ತಮಗಾಗಿ ಆಡಿದ್ದು ಅದೇ ಮೊದಲು. ಕೇಳಿಸಿಕೊಳ್ಳಬೇಕಾದವರು ಆಗಲೇ ಲಿಫ್ಟಿನಲ್ಲಿ ಇಳಿದು ಹೋಗಿದ್ದರು. ನಾನು ಕಿತ್ತಳೆ ತೊಳೆ ಕೊಟ್ಟೆ. ಅವರು ಬೇಡವೆಂದರು. ಸಂಕ್ರಾಂತಿಗೆ ಮೊದಲೇ ತೀರಿಕೊಂಡರು.

ಶಾಲೆಯ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಎದ್ದು ಹೋಗುವಂತಿರಲಿಲ್ಲ. ಖಜಾಂಚಿಯವರು ಕಣ್ಣೊರೆಸಿಕೊಳ್ಳುತ್ತಲೇ ಮಾತಾಡಿದರು. ಅವರ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. "ತಮಗೋಸ್ಕರ ಒಂದು ದಿನ ಒಂದು ಲೋಟ ನೀರನ್ನೂ ಕೇಳದ ನಿಸ್ವಾರ್ಥ ಜೀವ," ಅಂದರು. ಸಭೆ ತಲೆಯಾಡಿಸಿತು. ಅಕ್ಕ ಮುಂದಿನ ಸಾಲಿನಲ್ಲಿದ್ದರು. ಪಕ್ಕದಲ್ಲಿ ಹೋಗಿ ಕೂತಾಗ ನನ್ನ ಕೈ ಹಿಡಿದುಕೊಂಡು, ಮೆಲ್ಲಗೆ, ಆದರೆ ಹಿಂದಿನ ಸಾಲಿಗೂ ಕೇಳುವಂತೆ ಅಂದರು: "ಕೇಳ್ದೇ ಇರೋರು ಸಿಕ್ಕಿದ್ರೆ ಕೊಡೋರಿಗೆ ಎಷ್ಟು ಸಲೀಸು ನೋಡು."

ಒಬ್ಬ ಮನುಷ್ಯ ಕುಂಟುತ್ತಾನೆ ಎಂಬುದನ್ನು ಅವನಾಗಿಯೇ ಅರ್ಜಿ ಹಾಕಿ ಹೇಳಬೇಕೇ? ಎಲ್ಲರಿಗೂ ಕಣ್ಣಿತ್ತು. ಎಲ್ಲರಿಗೂ ಆ ಬೂಟು ಗೊತ್ತಿತ್ತು. ತಮಾಷೆ ಮಾಡುವಷ್ಟು ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರನ್ನೂ ನಾನು ಬಿಡುವುದಿಲ್ಲ. ಮಕ್ಕಳಿಗಾಗಿ ಚೆಂಡು, ಬಲೆ, ನೀರಿನ ನಲ್ಲಿ, ನೆರಳು ಎಂದು ಅದೇ ಕಮಿಟಿಯ ಎದುರು ಜಗಳವಾಡಿದವರು ಅವರು. ತಮ್ಮ ಕಾಲಿನ ವಿಷಯ ಬಂದಾಗ ಒಂದು ನಗುವಿಗೆ ಹೆದರಿದರು. ಅದನ್ನು ದೊಡ್ಡತನ ಎಂದು ಕರೆದವರಿಗೆ ಅದರಿಂದ ಅನುಕೂಲವಾಗಿತ್ತು. ಅದು ದೊಡ್ಡತನವಲ್ಲ. ಏನೆಂದು ನನಗೆ ಸರಿಯಾಗಿ ಗೊತ್ತಿಲ್ಲ.

ಪೂಜೆಯ ದಿನವೇ ಬಲಿ ತೆಗೆದುಕೊಂಡ ಗಾಡಿ ಶಾಲೆಯಲ್ಲಿ ಇರಬಾರದೆಂದು ಕಮಿಟಿಯವರು ಅದನ್ನು ಮಾರಿಬಿಟ್ಟರು. ಹೋದ ತಿಂಗಳು ಹೊಸದು ಬಂತು. ಹೈಡ್ರೋಸ್ಟಾಟಿಕ್. ಮೀಟಿಂಗಿನಲ್ಲಿ ಖಜಾಂಚಿಯವರೇ ಪಟ್ಟು ಹಿಡಿದರು. "ದುಬಾರಿ ಆದ್ರೂ ಪರ್ವಾಗಿಲ್ಲ. ಕಾಲು ತೆಗೆದ್ರೆ ನಿಂತ್ಕೊಳ್ಳತ್ತೆ. ಸೇಫ್ಟಿ ಮುಖ್ಯ," ಅಂದದ್ದು ಹಲಗೆ ಗೋಡೆಯಾಚೆಯಿಂದ ನನಗೆ ಕೇಳಿಸಿತು. ಯಾರೂ ನಗಲಿಲ್ಲ.

ಹೊಸ ಗಾಡಿಯ ಪೂಜೆಗೆ ಅಕ್ಕನನ್ನು ಕರೆದರು, ಬರಲಿಲ್ಲ. ಗುತ್ತಿಗೆಯ ಡ್ರೈವರ್ ಒಬ್ಬ ಬರುತ್ತಾನೆ. ಎರಡೂ ಕಾಲು ನೆಟ್ಟಗಿರುವ ತರುಣ. ಒಳ್ಳೆಯವನೇ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಟ್ರ್ಯಾಕ್ಟರ್ ಹೊಂಗೆಮರಗಳ ಬುಡ ಸುತ್ತುವುದು ಆಫೀಸಿನ ಕಿಟಕಿಯಿಂದ ಕಾಣುತ್ತದೆ. ಓಡಿಸುತ್ತಿರುವುದು ಮೇಷ್ಟ್ರಲ್ಲ.